ಹೆಡ್‌ಮಾಸ್ಟರ್ ಆನೆಯ ಅಪಹರಣ

ಅಕ್ಟೋಬರ್ ಹದಿನಾಲ್ಕು, ಸೋಮವಾರ. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಲುವಾಂಗ್ವಾ ನದಿಯ ದಂಡೆಯ ಚಿಸೆಂಗು ಪೊಲೀಸ್ ಠಾಣೆಗೆ ‘ಎರಡು ಮುಸಾಂಗು’ ಲಾಡ್ಜಿನ ಮ್ಯಾನೇಜರ್ ಎಸ್ನಾರ್ಟ್ ಸಕಾಲಾ ಬಂದು ಮೇಜಿನ ಮೇಲೆ ಎರಡೂ ಕೈ ಊರಿ ನಿಂತಳು. ಇನ್ಸ್‌ಪೆಕ್ಟರ್ ಫ್ಯಾಕ್ಸನ್ ನ್ಜೋವು ಒದ್ದೆ ಕರವಸ್ತ್ರವನ್ನು ಕತ್ತಿಗೆ ಸುತ್ತಿಕೊಂಡು ಕೂತಿದ್ದ. ಅಕ್ಟೋಬರ್ ಸೆಕೆಯಲ್ಲಿ ಆ ಕಣಿವೆಯವರೆಲ್ಲ ಹಾಗೇ ಕೂರುವುದು.

“ಏನು ಕಳವಾಗಿದೆ ಅಂದ್ರಿ, ಅಮಾಯಿ?”

“ಆನೆ.”

“ಆನೆ ದಂತವಾ?”

“ಆನೆ, ಬಾಂಬೋ. ಇಡೀ ಆನೆ. ಸೊಂಡಿಲು, ಬಾಲ, ಎಲ್ಲ ಸೇರಿ.”

ಪಕ್ಕದ ಮೇಜಿನಲ್ಲಿದ್ದ ಸಾರ್ಜೆಂಟ್ ತಿಸೌಕೆ ಕಮಂಗ ತಲೆ ತಗ್ಗಿಸಿ ಪೆನ್ಸಿಲ್ ಕೆತ್ತತೊಡಗಿದಳು. ಆಕೆಯ ಭುಜ ಅಲುಗುತ್ತಿತ್ತು. ಆ ಸೀಮೆಯ ಮಾತಿನಲ್ಲಿ ಅಮಾಯಿ ಎಂದರೆ ಅಮ್ಮ, ಬಾಂಬೋ ಎಂದರೆ ಸ್ವಾಮಿ, ನ್ಜೋವು ಎಂದರೆ ಆನೆ. ಹೆಸರಿನ ದೆಸೆಯಿಂದ ಇನ್ಸ್‌ಪೆಕ್ಟರು ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಕೇಳದ ತಮಾಷೆ ಉಳಿದಿರಲಿಲ್ಲ. ಈಗ ಹೊಸದೊಂದು ಹುಟ್ಟುತ್ತಿದೆ ಎಂದು ಅವನಿಗೆ ಗೊತ್ತಾಯಿತು.

“ಸಾರ್ಜೆಂಟ್, ಪೆನ್ಸಿಲ್ ಸಾಕು. ಬರ್ಕೋ.”

ಎಸ್ನಾರ್ಟ್ ಹೇಳಿದ್ದಿಷ್ಟು. ಆನೆಯ ಹೆಸರು ಹೆಡ್‌ಮಾಸ್ಟರ್. ಗಂಡು, ವಯಸ್ಸು ಐವತ್ತರ ಆಸುಪಾಸು. ಎಡ ದಂತ ಮುರಿದಿದೆ, ಎಡಗಿವಿಯಲ್ಲಿ ಬಟ್ಟಲಗಲದ ತೂತು. ಏಳು ವರ್ಷದಿಂದ ಒಣಗಾಲದ ಉದ್ದಕ್ಕೂ ದಿನಾ ನಾಲ್ಕು ಗಂಟೆಗೆ ಸರಿಯಾಗಿ ಲಾಡ್ಜಿನ ಅಂಗಳಕ್ಕೆ ಬಂದು ಮುಸಾಂಗು ಮರದ ಕಾಯಿ ತಿಂದು ಹೋಗುತ್ತಿದ್ದ. ಪ್ರವಾಸಿಗರು ಚಹಾ ಕುಡಿಯುತ್ತ ನೋಡುತ್ತಿದ್ದರು. ಸೆಪ್ಟೆಂಬರ್ ಇಪ್ಪತ್ತೈದರಿಂದ ಬಂದಿಲ್ಲ. ಎರಡು ಮೈಲಿ ಕೆಳಗಿನ ನ್ಜಿವಾ ಕ್ಯಾಂಪಿಗೆ ಹೋಗುತ್ತಿದ್ದಾನೆ. ಅಲ್ಲಿಯ ಮ್ಯಾನೇಜರ್ ಹಾರ್ಟ್‌ನೆಲ್ ಅವನನ್ನು ಪುಸಲಾಯಿಸಿ ಕರೆಸಿಕೊಂಡಿದ್ದಾನೆ.

“ಕಾಡಾನೆ ಯಾರ ಸ್ವತ್ತೂ ಅಲ್ವಲ್ಲಮ್ಮ. ಸರ್ಕಾರದ್ದು. ನಿಮ್ಮ ಆನೆ ಕಳವಾಯ್ತು ಅಂತ ನಾನು ಹೆಂಗೆ ಬರ್ಕೊಳ್ಳಲಿ?”

“ಹಂಗಾದ್ರೆ ಸರ್ಕಾರದ ಆನೆ ಕಳವಾಯ್ತು ಅಂತ ಬರ್ಕೊಳ್ಳಿ. ಇನ್ನೂ ದೊಡ್ಡ ಕೇಸು!” ಎಸ್ನಾರ್ಟ್‌ಳ ದನಿ ಏರಿತು. “ನೋಡಿ ಬಾಂಬೋ, ನಮ್ಮ ಕಡೆ ಸಿಂಹ ಬರಲ್ಲ, ಚಿರತೆ ಬರಲ್ಲ. ಇರೋನು ಅವನೊಬ್ಬ. ಜನ ಅವನ ಫೋಟೋ ನೋಡ್ಕೊಂಡು ಬರ್ತಾರೆ. ಮೊನ್ನೆ ಐದು ಜನರ ಒಂದು ಗುಂಪು ಮೂರು ದಿನ ಕಾದು, ಮುಖ ಊದಿಸ್ಕೊಂಡು ನ್ಜಿವಾಗೇ ಹೋಯ್ತು. ಇದು ಹಿಂಗೇ ನಡೆದ್ರೆ ಮಳೆ ಬೀಳೋದ್ರೊಳಗೆ ನನ್ನ ಮೂವತ್ತೆರಡು ಜನ ಕೆಲಸಗಾರರು ಮನೇಲಿ ಕೂರ್ತಾರೆ.”

ನ್ಜೋವು ನಗಲಿಲ್ಲ. ಮೂರು ವರ್ಷದ ಹಿಂದೆ ಯಾರೋ ಒಂದು ಆನೆಗೆ ಕಿತ್ತಳೆ ಹಣ್ಣಿನ ರುಚಿ ಹತ್ತಿಸಿದ್ದರು. ಅದು ಕಿತ್ತಳೆಗಾಗಿ ಒಂದು ಕಾರು ಮಗುಚಿತು, ಅರಣ್ಯ ಕಾವಲಿನವರು ಬಂದು ಗುಂಡು ಹೊಡೆದರು. ಆ ಪಂಚನಾಮೆ ಬರೆದವನು ಅವನೇ. ಬರೆದು ಮುಗಿಸಿದ ಮೇಲೆ ಎರಡು ದಿನ ಅವನಿಗೆ ಊಟ ಸೇರಿರಲಿಲ್ಲ.

“ಕಾಡುಪ್ರಾಣಿಗೆ ತಿನಿಸು ಹಾಕಿ ಕರೆಯೋದು ಅಪರಾಧ. ಅದರ ಕೆಳಗೆ ಹಾಕು, ಸಾರ್ಜೆಂಟ್.”

ಎಫ್‌ಐಆರ್ ಸಂಖ್ಯೆ ಮೂವತ್ತೊಂದು ಹಾಗೆ ದಾಖಲಾಯಿತು. ಆನೆಯ ಚಹರೆ ಬರೆಯಲು ಬೇರೆ ನಮೂನೆ ಇಲ್ಲದ್ದರಿಂದ ತಿಸೌಕೆ ಕಾಣೆಯಾದವರ ನಮೂನೆಯನ್ನೇ ತುಂಬಿದಳು. ‘ಕೊನೆಯ ಬಾರಿ ಕಂಡಾಗ ಧರಿಸಿದ್ದ ಉಡುಪು’ ಎಂಬಲ್ಲಿ ‘ಕೆಸರು’ ಎಂದು ಬರೆದಳು. ಠಾಣೆಯ ಜೀಪಿಗೆ ಜೂನ್‌ನಿಂದ ಬಿಡಿಭಾಗ ಬಂದಿರಲಿಲ್ಲ. ಇಬ್ಬರೂ ದೂರುದಾರಳ ಗಾಡಿಯಲ್ಲೇ ಹತ್ತಿ ಹೊರಟರು.

ಹನ್ನೊಂದು ನಲವತ್ತಕ್ಕೆ ಸ್ಥಳ ಪರಿಶೀಲನೆ ಶುರುವಾಯಿತು. ಲಾಡ್ಜಿನ ಅಂಗಳದಲ್ಲಿ ಎರಡು ಮುಸಾಂಗು ಮರ. ಆ ದಂಡೆಯಲ್ಲಿ ಮೈಲಿಗಟ್ಟಲೆ ಹುಡುಕಿದರೂ ಆ ಜಾತಿಯ ಮರ ಅವೆರಡೇ. ಹಿಂದುಗಡೆ ಬಟ್ಟೆ ಒಗೆಯುವ ಮನೆ, ಒಣಹಾಕುವ ತಂತಿ. ಅದರಾಚೆ ನದಿಯತ್ತ ಇಳಿಯುವ ಆನೆಯ ಹಳೇ ದಾರಿ. ನ್ಜೋವು ಅಳತೆ ತೆಗೆದುಕೊಂಡ. ನಾಲ್ಕು ಗಂಟೆಗೆ ಆರು ಜನ ಪ್ರವಾಸಿಗರು ಚಹಾ ಹಿಡಿದು ಸಾಲಾಗಿ ಕುರ್ಚಿಯಲ್ಲಿ ಕೂತರು. ಆನೆ ಬರಲಿಲ್ಲ. ಬೇರೇನೂ ಇಲ್ಲದ್ದರಿಂದ ಅವರು ತಿಸೌಕೆಯ ಫೋಟೋ ತೆಗೆದರು.

ನಾಲ್ಕು ನಲವತ್ತಕ್ಕೆ ನ್ಜಿವಾ ಕ್ಯಾಂಪ್ ತಲುಪಿದಾಗ ಕಾಣೆಯಾದವನು ಅಲ್ಲೇ ಇದ್ದ. ಮುರಿದ ಎಡ ದಂತ, ಕಿವಿಯಲ್ಲಿ ತೂತು. ಹುಲ್ಲಿನಲ್ಲಿ ಏನನ್ನೋ ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಎದುರಿಗೆ ಹೊಸ ಫಲಕ: ‘ಪ್ರೊಫೆಸರ್ ಜೊತೆ ಸಂಜೆಯ ಚಹಾ.’

“ಪ್ರೊಫೆಸರ್!” ಎಸ್ನಾರ್ಟ್ ಫಲಕದತ್ತ ಬೆರಳು ಚಾಚಿದಳು. “ನೋಡಿದ್ರಾ? ಬಡ್ತಿ ಬೇರೆ ಕೊಟ್ಟಿದಾನೆ!”

ಹಾರ್ಟ್‌ನೆಲ್ ಆ ಕಣಿವೆಯಲ್ಲೇ ಹುಟ್ಟಿ ಬೆಳೆದ ಬಿಳಿಯ. ಅರವತ್ತು ದಾಟಿದವನು, ಚಡ್ಡಿಯ ಕೆಳಗೆ ಕಾಲು ಸುಟ್ಟ ಇಟ್ಟಿಗೆಯ ಬಣ್ಣ.

“ಆನೆ ನಿಮ್ಮಲ್ಲಿಗೆ ಯಾವಾಗಿಂದ ಬರ್ತಿದೆ?”

“ಎರಡು ವಾರ ಆಯ್ತು.”

“ಏನು ಹಾಕ್ತೀರಿ?”

“ಏನೂ ಇಲ್ಲ. ತಾನಾಗೇ ಬಂದ, ನಾನು ಕುರ್ಚಿ ತಿರುಗಿಸಿದೆ. ಬಂದ ನೆಂಟರನ್ನ ಓಡಿಸೋಕಾಗುತ್ತಾ ಬಾಂಬೋ?”

“ಹುಲ್ಲಲ್ಲಿ ಏನು ತಿಂತಿದಾನೆ?”

“ನನಗೇನು ಗೊತ್ತು? ಹತ್ತಿರ ಹೋಗಿ ಬಾಯಿ ತೆಗೆಸಿ ನೋಡಿ.”

ಬಾಯಿ ತೆಗೆಸುವ ಅಗತ್ಯ ಬೀಳಲಿಲ್ಲ. ಮರುದಿನ, ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ತಿಸೌಕೆ ಹಿಂದಿನ ಸಂಜೆಯ ಲದ್ದಿಯನ್ನು ಗುರುತಿಸಿ, ಸುತ್ತ ನಾಲ್ಕು ಗೂಟ ನೆಟ್ಟು, ಹಗ್ಗ ಎಳೆದಳು. ಪಂಚರಾಗಿ ನ್ಜಿವಾದ ಅಡಿಗೆಯವನೊಬ್ಬ, ಫ್ರಾನ್ಸಿನಿಂದ ಬಂದ ಒಬ್ಬ ನಿವೃತ್ತ ದಂತವೈದ್ಯ. ಅಡಿಗೆಯವನು ಮೂಗು ಮುಚ್ಚಿಕೊಂಡು ನಿಂತ. ದಂತವೈದ್ಯ ಮಂಡಿಯೂರಿ ಕೂತು, ತನ್ನದೇ ಚಿಮುಟ ತಂದುಕೊಟ್ಟು, ಇಡೀ ಪ್ರವಾಸದಲ್ಲಿ ಇಷ್ಟು ಸೊಗಸಾದ ಬೆಳಗು ಸಿಕ್ಕಿರಲಿಲ್ಲ ಎಂದ. ಪಂಚನಾಮೆಯ ಒಂದು ಪ್ರತಿ ಕೊಡುತ್ತೀರಾ, ಮನೆಯಲ್ಲಿ ಕಟ್ಟು ಹಾಕಿಸಿ ಗೋಡೆಗೆ ಹಾಕುತ್ತೇನೆ ಎಂದೂ ಕೇಳಿದ.

ಲದ್ದಿಯಲ್ಲಿ ಸಿಕ್ಕಿದ್ದು: ಮುಸಾಂಗು ಬೀಜ, ನೂರ ಎಂಬತ್ತಕ್ಕೂ ಹೆಚ್ಚು. ಬಿಳಿ ಬಟ್ಟೆಯ ತುಂಡು ಒಂದು, ಅಂಗೈ ಅಗಲ, ಅಂಚಿನಲ್ಲಿ ಕೆಂಪು ದಾರದಲ್ಲಿ ಹೊಲಿದ ಏಳರ ಅಂಕಿ.

“ಸರ್, ಮರ ಇರೋದು ಎಸ್ನಾರ್ಟಮ್ಮನ ಅಂಗಳದಲ್ಲಿ,” ಎಂದಳು ತಿಸೌಕೆ. “ಆನೆ ಅಲ್ಲಿಗೆ ಹೋಗಿ ಇಪ್ಪತ್ತು ದಿನ ಆಯ್ತು. ಬೀಜ ಮಾತ್ರ ನಿನ್ನೆದು. ಅಂದ್ರೆ ಕಾಯಿನೇ ನಡ್ಕೊಂಡು ಬರ್ತಿದೆ.”

“ಬಟ್ಟೆ?”

“ದಿಂಬಿನ ಚೀಲ. ಹಾರ್ಟ್‌ನೆಲ್ ತನ್ನ ಬಟ್ಟೆಗೆ ನಂಬರ್ ಹಾಕಿಸಲ್ಲ, ಕೇಳಿದೀನಿ. ಇದು ಎರಡು ಮುಸಾಂಗುವಿನ ಏಳನೇ ಟೆಂಟಿಂದು.”

ನ್ಜೋವು ಕರವಸ್ತ್ರ ಹಿಂಡಿದ. ದೂರು ಬಂದ ಮನೆಯಲ್ಲೇ ಕಳ್ಳ.

ಹನ್ನೊಂದು ಗಂಟೆಗೆ ಮತ್ತೆ ಎರಡು ಮುಸಾಂಗುವಿಗೆ ಹೋದಾಗ, ಹಿಂದಿನ ದಿನ ಕಣ್ಣಿಗೆ ಬೀಳದ ಒಂದು ಸಂಗತಿ ಬಿತ್ತು. ಅಕ್ಟೋಬರಿನಲ್ಲಿ ಮುಸಾಂಗು ಮರದಡಿ, ಒಣಗಿದ ಕಿತ್ತಳೆ ಸಿಪ್ಪೆಯಂತೆ ಸುರುಳಿ ಸುತ್ತಿದ ಕಾಯಿಗಳು ಕಾಲು ಹುಗಿಯುವಷ್ಟು ಬಿದ್ದಿರಬೇಕು. ನೆಲ ಗುಡಿಸಿಟ್ಟಂತೆ ಚೊಕ್ಕಟವಾಗಿತ್ತು. ತೋಟದವನನ್ನು ಕರೆಸಿದರು.

“ಇಲ್ಲಿ ಕಾಯಿ ಗುಡಿಸಿದ್ದು ಯಾರು?”

“ನಾನಲ್ಲ, ಬಾಂಬೋ.”

“ಮತ್ಯಾರು?”

“ದಿನಾ ಬೆಳಿಗ್ಗೆ ಬಂದು ನೋಡಿದ್ರೆ ಚೊಕ್ಕಟ ಇರ್ತಿತ್ತು. ದೇವರು ಅಂದ್ಕೊಂಡೆ.”

“ದೇವರು ಗುಡಿಸ್ತಾನೇನಯ್ಯಾ?”

“ಕೆಲಸ ಕಮ್ಮಿ ಆಯ್ತಲ್ಲ, ಹೆಚ್ಚು ಕೇಳೋಕೆ ಹೋಗ್ಲಿಲ್ಲ.”

ಬಟ್ಟೆ ಒಗೆಯುವ ಮನೆಯಲ್ಲಿ ಜೈರೊಸ್ ಚುಲು ಕೆಂಡದ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿದ್ದ. ಅರವತ್ತಮೂರರ ಮುದುಕ. ಒಣಗಿದ ಕಡ್ಡಿಯಂಥ ಮೈ, ನೀರಿನಲ್ಲಿ ನೆಂದು ನೆಂದು ಬೆಳ್ಳಗಾದ ಬೆರಳು. ಪೊಲೀಸರು ಬಂದರೂ ಕೈ ನಿಲ್ಲಿಸಲಿಲ್ಲ.

“ಏಳನೇ ಟೆಂಟಿನ ದಿಂಬಿನ ಚೀಲ ಒಂದು ಕಮ್ಮಿ ಇದೆಯಾ, ಅಜ್ಜ?”

“ಇದೆ. ಹದಿಮೂರನೇ ತಾರೀಕೇ ಮ್ಯಾನೇಜರಮ್ಮನಿಗೆ ಬರೆದುಕೊಟ್ಟಿದೀನಿ.”

“ಏನಾಯ್ತು ಅದು?”

“ಹರಿದುಹೋಯ್ತು.”

“ಈ ಮನೆ ಒಳಗೆ ಯಾರ್ಯಾರು ಬರ್ತಾರೆ?”

“ಟೆಂಟ್ ನೋಡ್ಕೊಳ್ಳೋ ಹೆಂಗಸರು ಎಲ್ರೂ. ಸ್ವಲ್ಪ ಆ ಕಡೆ ನಿಂತ್ಕೊಳ್ಳಿ ಬಾಂಬೋ, ನಿಮ್ಮ ಬೂಟಿನ ಧೂಳು ಹಾಸಿಗೆ ಬಟ್ಟೆಗೆ ಹತ್ತುತ್ತೆ.”

ಇನ್ಸ್‌ಪೆಕ್ಟರು ಆ ಕಡೆ ನಿಂತ. ನಷ್ಟವನ್ನು ತಾನೇ ಬರೆದುಕೊಟ್ಟವನ ಮೇಲೆ ಅವನಿಗೆ ಅನುಮಾನ ಹುಟ್ಟಲಿಲ್ಲ. ಹಾರ್ಟ್‌ನೆಲ್ ಯಾರೋ ಗೈಡನ್ನು ಬುಟ್ಟಿಗೆ ಹಾಕಿಕೊಂಡಿದ್ದಾನೆ ಎಂದೇ ಅವನ ಲೆಕ್ಕ. ಐದು ಜನ ಗೈಡುಗಳನ್ನು ಮೂರು ಗಂಟೆ ಪ್ರಶ್ನಿಸಿದ. ಐವರೂ ಐದು ಬೇರೆ ಬೇರೆ ಹಕ್ಕಿಗಳ ವಿಷಯ ಮಾತಾಡಿದರು. ಉಪಯೋಗಕ್ಕೆ ಬಂದದ್ದು ಏನೂ ಇಲ್ಲ.

“ಕಾಯಿ ತಂದು ಹಾಕೋನು ದಾರಿ ಮೇಲೆ ಬರ್ಲೇಬೇಕು,” ಎಂದ ಕೊನೆಗೆ. “ನಾಳೆ ಅಲ್ಲೇ ಕೂತು ಹಿಡಿಯೋಣ.”

ಬುಧವಾರ ಮಧ್ಯಾಹ್ನ ಎರಡು ಹತ್ತಕ್ಕೆ ಇಬ್ಬರೂ ಆನೆದಾರಿ ಹಿಡಿದರು. ಸುಮಾರು ಐವತ್ತು ಹೆಜ್ಜೆಗೊಂದರಂತೆ ಮುಸಾಂಗು ಕಾಯಿ ಹಾಕಿದ್ದ ಗುರುತುಗಳಿದ್ದವು. ತಿಸೌಕೆ ಒಂದು ಹುತ್ತದ ಹಿಂದೆ ಕೂತಳು. ಅಲ್ಲಿಯ ಹುತ್ತ ಎಂದರೆ ಸಣ್ಣ ಮನೆಯಷ್ಟು. ನೂರು ಗಜ ಮುಂದೆ ಒಂದು ವುಂಗುತಿ ಮರದ ಬುಡದಲ್ಲಿ ನ್ಜೋವು ಕೂತ. ಮೇಲೆ ಸೌತೆಕಾಯಿಯ ಅಣ್ಣತಮ್ಮಂದಿರಂತೆ ಮೊಳದುದ್ದದ ಕಾಯಿಗಳು ನೇತಾಡುತ್ತಿದ್ದವು. ಜೋಳದ ಮುದ್ದೆ, ಒಣಮೀನು ಉಂಡು ಬಂದಿದ್ದ ಹೊಟ್ಟೆ, ಮೇಲೆ ಸೆಕೆ. ಕಣ್ಣು ಎಳೆಯಿತು.

ಮೂರು ಮೂವತ್ತೈದಕ್ಕೆ ಕಣ್ಣು ತೆರೆದಾಗ ಎದುರಿಗಿದ್ದ ಪೊದೆ ಹೋಗಿ ಅಲ್ಲಿ ಬೂದು ಬಣ್ಣದ ಗೋಡೆ ಎದ್ದಿತ್ತು. ಗೋಡೆಗೆ ಕಿವಿಯಿತ್ತು. ಕಿವಿಯಲ್ಲಿ ತೂತಿತ್ತು. ತೂತಿನೊಳಗಿಂದ ಆಕಾಶ ಕಾಣುತ್ತಿತ್ತು.

ತಾನು ಮರ ಹತ್ತಿದ್ದು ಹೇಗೆಂದು ನ್ಜೋವುಗೆ ಆಮೇಲೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ನಲವತ್ತೆಂಟರ ವಯಸ್ಸು, ತೊಂಬತ್ತೆರಡು ಕಿಲೋ ತೂಕ. ನೆನಪಿದ್ದುದು ಕೊಂಬೆ ಅಪ್ಪಿಕೊಂಡು ಮಲಗಿದ್ದು, ಟೋಪಿ ಕೆಳಗೆ ಬಿದ್ದದ್ದು. ಹೆಡ್‌ಮಾಸ್ಟರ್ ಟೋಪಿಯನ್ನು ಸೊಂಡಿಲಿನಲ್ಲಿ ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿ, ಬಾಯಿಗೆ ಹಾಕಿಕೊಂಡ. ಬ್ಯಾಡ್ಜನ್ನು ಮಾತ್ರ ಉಗುಳಿದ.

“ಸಾರ್ಜೆಂಟ್!” ಎಂದು ಪಿಸುಗುಟ್ಟಿದ ಅವನು ರೇಡಿಯೋದಲ್ಲಿ.

“ನೋಡ್ತಿದೀನಿ ಸರ್. ಅಲುಗಾಡ್ಬೇಡಿ.”

“ನಾನೆಲ್ಲಿ ಅಲುಗ್ತಿದೀನಿ! ಮರ ಅಲುಗ್ತಿದೆ!”

ನಿಜಕ್ಕೂ ಮರ ಅಲುಗುತ್ತಿತ್ತು. ಟೋಪಿ ಬಿದ್ದ ಮರದಿಂದ ಇನ್ನೇನಾದರೂ ಬಿದ್ದೀತು ಎಂಬ ಆಸೆಗೆ ಆನೆ ಹಣೆ ಕೊಟ್ಟು ಒತ್ತುತ್ತಿತ್ತು. ಕಾಯಿಗಳು ಧೊಪ್ಪೆಂದು ಉದುರಿದವು. ಒಂದು ಬೇರು ಚಟ್ ಎಂದಿತು. ತಿಸೌಕೆ ಬಂದೂಕನ್ನು ಹೆಗಲಿಗೆ ಏರಿಸಿದಳು, ಇಳಿಸಿದಳು. ಆಕೆಯ ಬಂದೂಕಿನಿಂದ ಆನೆ ಸಾಯುವುದಿಲ್ಲ, ಸಿಟ್ಟಾಗುತ್ತದೆ. ಸಿಟ್ಟಾದರೆ ನಾಳೆ ದೊಡ್ಡ ಬಂದೂಕಿನವರು ಬರುತ್ತಾರೆ. ನ್ಜೋವು ಕಣ್ಣು ಮುಚ್ಚಿ ಹೆಂಡತಿಯನ್ನೂ, ಆಕೆ ಮಾಡುವ ಕಡಲೆಬೀಜ ಅರೆದು ಹಾಕಿದ ಸೊಪ್ಪಿನ ಪಲ್ಯವನ್ನೂ ನೆನೆದ.

“ಮೇಷ್ಟ್ರೇ, ನಾಚಿಕೆ ಆಗಲ್ವಾ?”

ನ್ಜೋವು ಕಣ್ಣು ಬಿಟ್ಟ. ದಾರಿಯ ಮೇಲೆ ಜೈರೊಸ್ ಚುಲು ನಿಂತಿದ್ದ. ಒಂದು ಕೈಯಲ್ಲಿ ಉಬ್ಬಿದ ದಿಂಬಿನ ಚೀಲ. ಅಡಗಿಕೊಂಡು ಹಿಂದಿರುಗಿ ಹೋಗಲು ಅವನಿಗೆ ಬೇಕಾದಷ್ಟು ಪೊದೆಗಳಿದ್ದವು. ಅವನು ನಡು ದಾರಿಯಲ್ಲೇ ಇದ್ದ.

“ವಯಸ್ಸಾದೋರು ಮಾಡೋ ಕೆಲಸವಾ ಇದು? ಬನ್ನಿ. ಬನ್ನಿ ಈ ಕಡೆ. ಪೊಲೀಸರು ತಿನ್ನೋಕೆ ಆಗಲ್ಲ, ಗಟ್ಟಿ ಇರ್ತಾರೆ.”

ಒಂದು ಹಿಡಿ ಕಾಯಿ ಹುಲ್ಲಿಗೆ ಎಸೆದ. ಆನೆ ಮರ ಬಿಟ್ಟಿತು. ಮುದುಕ ಬೆನ್ನು ತೋರದೆ ಹಿಂದಕ್ಕೆ ಹೆಜ್ಜೆ ಇಟ್ಟ, ಇನ್ನೊಂದು ಹಿಡಿ ಎಸೆದ. ಹೀಗೆ ಎಸೆಯುತ್ತ, ಬೈಯುತ್ತ, ನದಿಯ ತಿರುವಿನವರೆಗೂ ಕರೆದೊಯ್ದು, ಚೀಲ ಕೊಡವಿ ಖಾಲಿ ಮಾಡಿ, ಅದನ್ನು ನಾಲ್ಕಾಗಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ವಾಪಸು ಬಂದ.

“ಜೈರೊಸ್ ಚುಲು,” ಎಂದ ನ್ಜೋವು ಕೊಂಬೆಯ ಮೇಲಿಂದಲೇ, ದನಿಯನ್ನು ಆದಷ್ಟು ಗಡುಸು ಮಾಡಿಕೊಂಡು, “ನಿಮ್ಮನ್ನ ಬಂಧಿಸ್ತಿದೀನಿ.”

“ಆಗ್ಲಿ ಬಾಂಬೋ. ಮೊದ್ಲು ಇಳೀರಿ. ಬಲಗಾಲು ಕೆಳಗೆ ಬಿಡಿ. ಅದು ಎಡಗಾಲು.”

ಬಂಧನದ ಸಮಯ ಮೂರು ಐವತ್ತೆಂಟು ಎಂದು ದಾಖಲಾಗಿದೆ. ಇನ್ಸ್‌ಪೆಕ್ಟರು ಇಳಿಯಲು ಹಿಡಿದ ಒಂಬತ್ತು ನಿಮಿಷವನ್ನು ತಿಸೌಕೆ ದಾಖಲಿಸಲಿಲ್ಲ.

ಐದೂಕಾಲಿಗೆ ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳಲು ಕೂತರು. ಎಸ್ನಾರ್ಟ್ ಬಾಗಿಲ ಬಳಿ ಬಾಯಿ ಬಿಟ್ಟುಕೊಂಡು ನಿಂತಿದ್ದಳು.

“ಹಾರ್ಟ್‌ನೆಲ್ ಹೇಳಿ ಮಾಡಿಸಿದ್ನಾ?”

“ಅವರನ್ನ ನಾನು ನೋಡಿ ಎರಡು ವರ್ಷ ಆಯ್ತು. ನಾನು ಮೇಷ್ಟ್ರನ್ನ ಕ್ಯಾಂಪ್ ದಾಟಿಸಿ ಆಚೆ ಕೆರೆಗೆ ಕಳಿಸೋಣ ಅಂತಿದ್ದೆ. ಮಧ್ಯೆ ಅವರು ಕುರ್ಚಿ ಹಾಕ್ಕೊಂಡ್ರು.”

“ಎಷ್ಟು ದಿನ ಮಾಡಿದ್ರಿ?”

“ಇಪ್ಪತ್ತೆರಡು ದಿನ. ಮೊದಲ ದಿನ ಕಾಯಿ ಹಾಕಿದ್ದು ತಂತಿಯಿಂದ ನಲವತ್ತು ಹೆಜ್ಜೆ ದೂರ. ಎರಡನೇ ದಿನ ನೂರು. ಮೇಷ್ಟ್ರಿಗೂ ವಯಸ್ಸಾಗಿದೆ, ಒಂದೇ ಸಲ ನಡೆಸೋಕಾಗಲ್ಲ.”

“ಯಾಕೆ, ಅಜ್ಜ?”

ಜೈರೊಸ್ ಬೆರಳು ನೋಡಿಕೊಂಡ.

“ಅವರು ಬರೋ ದಾರಿ ನನ್ನ ತಂತಿ ಮೇಲೇ. ಒಣಗಿದ ಹಾಸಿಗೆ ಬಟ್ಟೆ ಎಳೀತಾರೆ, ತುಳೀತಾರೆ, ಕೆಸರು ಮೈ ಉಜ್ಜುತಾರೆ. ನಾನು ಮತ್ತೆ ಒಗೀತೀನಿ. ಏಳು ವರ್ಷ ಒಗೆದೆ. ತಂತಿ ಬೇರೆ ಕಡೆ ಹಾಕಿಸಿ ಅಂತ ಹನ್ನೊಂದು ಸಲ ಕೇಳಿದೆ.”

“ಬಟ್ಟೆ ಜೊತೆ ಆನೆ ಇರೋ ಫೋಟೋನೇ ಎಲ್ರಿಗೂ ಇಷ್ಟ ಅಂತ...” ಎಸ್ನಾರ್ಟ್ ಶುರು ಮಾಡಿ ಅಲ್ಲೇ ನಿಲ್ಲಿಸಿದಳು.

“ಅದಕ್ಕೂ ಸಿಟ್ಟಿರ್ಲಿಲ್ಲ ಬಾಂಬೋ. ಹೋದ ತಿಂಗಳು ಮ್ಯಾನೇಜರಮ್ಮ ಎಲ್ರನ್ನೂ ಕೂರಿಸಿ, ಬಂದೋರು ಬರೆದುಹೋಗೋ ಪುಸ್ತಕ ಓದಿದ್ರು. ಅಡಿಗೆಯೋನ ಹೆಸರು ಬಂತು, ಎಲ್ರೂ ಚಪ್ಪಾಳೆ ತಟ್ಟಿದ್ರು. ಗೈಡ್ ಹೆಸರು ಬಂತು. ಆಮೇಲೆ ಒಂದು ಹೆಂಗಸು ಬರೆದಿದ್ಲು, ಆನೆ ಅದ್ಭುತ, ಹಾಸಿಗೆ ಬಟ್ಟೆ ಸ್ವಲ್ಪ ಕೊಳೆ ಅಂತ.” ಮುದುಕ ಅಂಗಿಯ ತೋಳಿನ ಮಡಿಕೆ ಸರಿಮಾಡಿದ. “ಎಲ್ರೂ ನಕ್ರು. ನಾನೂ ನಕ್ಕೆ.”

ತಿಸೌಕೆ ಪೆನ್ಸಿಲ್ ಕೆತ್ತಲು ತೆಗೆದುಕೊಂಡಳು, ಆದರೆ ಕೆತ್ತಲಿಲ್ಲ.

ಕಾನೂನು ಕಾನೂನೇ. ಗುರುವಾರ ಬೆಳಿಗ್ಗೆ ಜಾಮೀನು ಬರೆಯುವವರೆಗೂ ಜೈರೊಸ್ ಠಾಣೆಯ ಒಂದೇ ಒಂದು ಲಾಕಪ್ ಕೋಣೆಯಲ್ಲಿ ಇರಬೇಕಾಯಿತು. ಎಸ್ನಾರ್ಟ್ ಸಾಕ್ಷ್ಯಕ್ಕೆಂದು ಬಂದವರು ಬರೆದುಹೋದ ಪುಸ್ತಕಗಳನ್ನೆಲ್ಲ ಕಳಿಸಿದಳು, ಇಪ್ಪತ್ತಾರು ವರ್ಷದ್ದು, ಒಂಬತ್ತು ಸಂಪುಟ. ನ್ಜೋವು ಮನೆಗೆ ಹೋಗುವ ಮೊದಲು ಅವನ್ನು ತಿರುವಿ ಹಾಕಿದ. ಆನೆಯ ಬಗ್ಗೆ, ನಕ್ಷತ್ರಗಳ ಬಗ್ಗೆ, ಕೋಳಿ ಸಾರಿನ ಬಗ್ಗೆ, ಒಂದು ಮುಂಗುಸಿಯ ಬಗ್ಗೆ ಎರಡು ಪುಟ. ಹಾಸಿಗೆ ಬಟ್ಟೆಯ ಬಗ್ಗೆ ಅದೊಂದೇ ಸಾಲು. ಕಡತದಲ್ಲಿ ‘ಅಪರಾಧದ ಉದ್ದೇಶ’ ಎಂಬ ಜಾಗದಲ್ಲಿ ಅವನು ಆ ಸಾಲನ್ನೇ, ಒಂದಕ್ಷರ ಬಿಡದೆ, ನಕಲು ಮಾಡಿ ಸಹಿ ಹಾಕಿದ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಬಂದಾಗ ಕೋಣೆಯ ಬಾಗಿಲು ತೆರೆದಿತ್ತು. ತಿಸೌಕೆ ಬಾವಿಕಟ್ಟೆಯತ್ತ ಕೈ ತೋರಿಸಿದಳು.

“ಕಂಬಳಿ ಮೂಸಿ ನೋಡಿ, ಇದನ್ನ ಯಾವಾಗ ಒಗೆದಿದ್ದು ಅಂತ ಕೇಳಿದ್ರು. ಠಾಣೆ ಜೊತೆಗೇ ಬಂದಿದ್ದು ಅಂದೆ. ಆರು ಗಂಟೆಯಿಂದ ಉಜ್ತಿದಾರೆ.”

ಅಷ್ಟರಲ್ಲಿ ಎಸ್ನಾರ್ಟ್‌ಳ ಗಾಡಿ ಬಂತು. ಆಕೆ ತಲೆ ಬಾಚಿರಲಿಲ್ಲ. ಹತ್ತು ಟೆಂಟಿಗೆ ಹಾಸಿಗೆ ಬಟ್ಟೆ ಇಲ್ಲ, ಜಾಮೀನಿಗೆ ಎಲ್ಲಿ ಸಹಿ ಹಾಕಬೇಕು, ತಂತಿಯ ಕಂಬ ಕೀಳಲು ಜನ ಹಚ್ಚಿ ಬಂದಿದ್ದೇನೆ ಎಂದು ಒಂದೇ ಉಸಿರಿಗೆ ಹೇಳಿದಳು. ಆನೆಯ ವಿಷಯ ನ್ಜೋವುವೇ ಎತ್ತಬೇಕಾಯಿತು. ನಿನ್ನೆ ಕಾಯಿ ಮುಗಿದ ಮೇಲೆ ಹೆಡ್‌ಮಾಸ್ಟರ್ ಎರಡೂ ಕಡೆ ಹೋಗದೆ ನದಿ ದಾಟಿದನಂತೆ. ಹಾರ್ಟ್‌ನೆಲ್ ಫಲಕ ಇಳಿಸಿದನಂತೆ.

ನ್ಜೋವು ಬಾವಿಯ ಕಡೆ ನಡೆದ. ಮುದುಕ ಕಂಬಳಿಯನ್ನು ಬೇಲಿಯ ಮೇಲೆ ಹರವುತ್ತಿದ್ದ. ಒಂಬತ್ತು ವರ್ಷದಿಂದ ಆ ಠಾಣೆಯವರೆಲ್ಲ ಕಂದು ಎಂದುಕೊಂಡಿದ್ದ ಕಂಬಳಿ ನೀಲಿಯಾಗಿತ್ತು. ಅಂಚಿನಲ್ಲಿ ಸಣ್ಣ ಬಿಳಿ ಗೆರೆಯೂ ಇತ್ತು.

ಇನ್ಸ್‌ಪೆಕ್ಟರು ಅದನ್ನು ನೋಡುತ್ತ ನಿಂತ.

“ಎಷ್ಟು ಚೆನ್ನಾಗಿ ಒಗೆದಿದೀರಿ, ಅಜ್ಜ.”

ಜೈರೊಸ್ ತಿರುಗಲಿಲ್ಲ. ಕಂಬಳಿಯ ಒಂದು ಮೂಲೆ ಮಡಚಿಕೊಂಡಿತ್ತು. ಅದನ್ನು ಬಿಡಿಸಿ, ಅಂಗೈಯಿಂದ ಎರಡು ಸಲ ಸವರಿ, ಬಿಸಿಲಿಗೆ ಮುಖ ಮಾಡಿ ಇಟ್ಟ.